ಕೊರಿಯನ್ ಟೈಪ್ ಮಾಡಿದ್ರೆ ಅಕ್ಷರ ಎರಡೆರಡು ಸಲ ಬೀಳ್ತಿದ್ಯಾ? ಹೀಗೆ ಹುಡುಕಿ, ಹೀಗೆ ಸರಿಮಾಡಿ

ಬ್ರೌಸರ್‌ನಲ್ಲಿ ತೆರೆಯೋ ಡಾಕ್ಯುಮೆಂಟ್ ಎಡಿಟರ್‌ನಲ್ಲಿ ಕೊರಿಯನ್ ಟೈಪ್ ಮಾಡೋರಿಗೆ ಈ ಕಾಟ ಚೆನ್ನಾಗಿ ಗೊತ್ತಿರುತ್ತೆ. 'ಆನ್ಯೊಂಗ್‌ಹಸೆಯೊ' ಅಂತ ಹೊಡೆದು ಎಂಟರ್ ಒತ್ತಿದ ತಕ್ಷಣ ಕೆಳಗಿನ ಸಾಲಲ್ಲಿ ಇನ್ನೊಂದು 'ಯೊ' ಬಂದು ಕೂತಿರುತ್ತೆ. ಇಲ್ಲಾಂದ್ರೆ ಪ್ರತಿ ಅಕ್ಷರಾನೂ ಜೋಡಿಯಾಗಿ ಬೀಳುತ್ತೆ, ಅದೂ ಅಲ್ಲಾಂದ್ರೆ ಬರೀತಾ ಬರೀತಾ ಬೋಲ್ಡ್ ಬಟನ್ ಒತ್ತಿದ್ರೆ ಕೊನೇ ಅಕ್ಷರ ಮಾತ್ರ ಎರಡಾಗುತ್ತೆ. ಸೋಲ್‌ನಲ್ಲಿ ಆಫೀಸ್ ರಿಪೋರ್ಟ್ ಬರೆಯೋರಿಗೂ ಇದೇ ಪಾಡು, ಬೆಂಗಳೂರಲ್ಲಿ ಕೂತು ಟಾಪಿಕ್ (TOPIK) ಅನ್ನೋ ಕೊರಿಯನ್ ಭಾಷಾ ಪರೀಕ್ಷೆಗೆ ಪ್ರಬಂಧ ಪ್ರಾಕ್ಟೀಸ್ ಮಾಡೋರಿಗೂ ಇದೇ ಪಾಡು. ಆ ಪರೀಕ್ಷೆ 2023ರಿಂದ ಕಂಪ್ಯೂಟರ್‌ನಲ್ಲೂ ನಡೀತಿರೋದ್ರಿಂದ ಕೈಬರಹದಲ್ಲೇ ಕಲಿತವರೂ ಈಗ ಟೈಪಿಂಗ್‌ಗೆ ಬರ್ತಿದಾರೆ. ಬಹಳ ಜನ ಕೀಬೋರ್ಡೇ ಕೆಟ್ಟಿದೆ ಅನ್ಕೊಂಡು ಹೊಸದು ಕೊಂಡುಬಿಡ್ತಾರೆ, ದಯವಿಟ್ಟು ಆ ಖರ್ಚು ಮಾಡ್ಬೇಡಿ. ನಿಮ್ಮ ಇಂಗ್ಲಿಷ್ ಟೈಪಿಂಗ್ ಸರಿಯಾಗಿ ಬರ್ತಿದ್ರೆ ತಪ್ಪು ಕೀಬೋರ್ಡ್‌ದಲ್ಲ.

ಸರಿಮಾಡೋಕೆ ಮುಂಚೆ ಒಳಗಡೆ ಏನಾಗುತ್ತೆ ಅಂತ ಸ್ವಲ್ಪ ನೋಡೋಣ, ಇದು ತಿಳಿದ್ರೆ ಅರ್ಧ ಕೆಲಸ ಮುಗೀತು. ಕೊರಿಯಾದಲ್ಲಿ ಬಹುತೇಕ ಜನ ಬಳಸೋ ಕೀಬೋರ್ಡ್ ಲೇಔಟ್ ದುಬೊಲ್‌ಸಿಕ್, ವ್ಯಂಜನ ಎಡಗೈಗೆ, ಸ್ವರ ಬಲಗೈಗೆ. ಜಿ ಕೀ ಒತ್ತಿದ್ರೆ 'ಹ್', ಆಮೇಲೆ ಕೆ ಒತ್ತಿದ್ರೆ ಅದೇ ಜಾಗದಲ್ಲಿ 'ಹಾ', ಆಮೇಲೆ ಎಸ್ ಒತ್ತಿದ್ರೆ 'ಹಾನ್'. ಈಗ ಮತ್ತೆ ಕೆ ಒತ್ತಿ ನೋಡಿ, ಕೊನೇಲಿದ್ದ 'ನ್' ತಾನಿದ್ದ ಅಕ್ಷರ ಬಿಟ್ಟು ಮುಂದಕ್ಕೆ ಹಾರಿ 'ಹಾ' 'ನಾ' ಅಂತ ಎರಡು ಅಕ್ಷರ ಆಗುತ್ತೆ. ಅಂದ್ರೆ ಮುಂದಿನ ಕೀ ಒತ್ತೋವರೆಗೂ ಈಗಿನ ಅಕ್ಷರ ಎಲ್ಲಿ ಮುಗಿಯುತ್ತೆ ಅಂತ ಕಂಪ್ಯೂಟರ್‌ಗೂ ಗೊತ್ತಿರಲ್ಲ.

ನಮ್ಮ ಕನ್ನಡದಲ್ಲಿ ಇನ್‌ಸ್ಕ್ರಿಪ್ಟ್ ಲೇಔಟ್ ಬಳಸಿದ್ರೆ ಹೀಗಾಗಲ್ಲ. 'ಕ್ಷ' ಬರೆಯೋಕೆ ಕ, ಹಲಂತ, ಷ ಅಂತ ಒಂದೊಂದೇ ಕೋಡ್ ಡಾಕ್ಯುಮೆಂಟ್‌ಗೆ ಹೋಗಿ ಸೇರುತ್ತೆ, ಒತ್ತಕ್ಷರದ ರೂಪ ಕೊಡೋದು ಫಾಂಟ್. ಕೊರಿಯನ್‌ನಲ್ಲಿ ಹಾಗಲ್ಲ, ಯೂನಿಕೋಡ್‌ನಲ್ಲಿ 11,172 ಪೂರ್ಣ ಅಕ್ಷರಗಳಿಗೆ ಒಂದೊಂದಕ್ಕೂ ಬೇರೆ ಕೋಡ್ ಇದೆ, ಹಾಗಾಗಿ 'ಹಾ' ಹೋಗಿ 'ಹಾನ್' ಆಗ್ಬೇಕಂದ್ರೆ ಹಳೇದನ್ನ ಅಳಿಸಿ ಆ ಜಾಗಕ್ಕೆ ಹೊಸದನ್ನ ಇಡ್ಬೇಕು. ಈ ಕೆಲಸ ಮಾಡೋ ಸಾಫ್ಟ್‌ವೇರೇ ಐಎಂಇ, ಅಂದ್ರೆ ಇನ್‌ಪುಟ್ ಮೆಥಡ್ ಎಡಿಟರ್. ಅಕ್ಷರದ ಕೆಳಗೆ ಒಂದು ಗೆರೆನೋ, ಸುತ್ತ ಒಂದು ಚೌಕನೋ ಕಾಣ್ತಿದೆ ಅಂದ್ರೆ ಅದಿನ್ನೂ ಐಎಂಇ ಕೈಲಿದೆ, ಡಾಕ್ಯುಮೆಂಟ್‌ಗೆ ಪೂರ್ತಿ ಬಂದಿಲ್ಲ ಅಂತ ಅರ್ಥ. ಆ ಹೊತ್ತಲ್ಲಿ ಬೇರೆ ಯಾರಾದ್ರೂ, ಎಡಿಟರ್‌ನ ಕೋಡೋ, ಬ್ರೌಸರ್‌ಗೆ ನೀವು ಸೇರಿಸ್ಕೊಂಡ ಎಕ್ಸ್‌ಟೆನ್ಶನ್ನೋ, ಆಟೋಸೇವೋ, ಆ ಜಾಗ ಮುಟ್ಟಿದ್ರೆ ಐಎಂಇಗೆ ಹಳೇ ಅಕ್ಷರ ಎಲ್ಲಿತ್ತು ಅನ್ನೋದೇ ತಪ್ಪಿಹೋಗುತ್ತೆ, ಅದು ಹಳೇದನ್ನ ಅಳಿಸದೆ ಹೊಸದನ್ನ ಇಟ್ಟುಬಿಡುತ್ತೆ. ಎರಡೆರಡು ಬರೋದು ಬಹುಪಾಲು ಹೀಗೆ. ಹಾಗಾಗಿ ನಾವೀಗ ಹುಡುಕಬೇಕಿರೋದು ಇಷ್ಟೇ, ಮಧ್ಯೆ ಕೈ ಹಾಕ್ತಿರೋರು ಯಾರು.

ಮೊದಲ್ನೇ ಕೆಲಸ, ಯಾವಾಗ ಎರಡಾಗುತ್ತೆ ಅಂತ ಗಮನಿಸಿ ಬರೆದಿಟ್ಕೊಳ್ಳಿ. ಎಂಟರ್ ಒತ್ತಿದಾಗ ಮಾತ್ರನಾ, ಪ್ರತಿ ಅಕ್ಷರಕ್ಕೂನಾ, ಮೌಸ್‌ನಲ್ಲಿ ಬೇರೆ ಕಡೆ ಕ್ಲಿಕ್ ಮಾಡಿದಾಗಲಾ, ಅಥವಾ ಇನ್ನೊಬ್ಬರೂ ಅದೇ ಡಾಕ್ಯುಮೆಂಟ್‌ನಲ್ಲಿ ಬರೀತಿರುವಾಗ ಮಾತ್ರನಾ. ಇದು ಬೇಜಾರಿನ ಕೆಲಸ ಅನಿಸಬಹುದು, ಆದ್ರೆ ಕಾರಣಗಳು ಬೇರೆ ಬೇರೆ ಇರೋದ್ರಿಂದ ಇದನ್ನ ಬಿಟ್ಟು ಮುಂದೆ ಹೋದ್ರೆ ಸುಮ್ನೆ ಸುತ್ತಾಡ್ತೀರಿ.

ಎರಡ್ನೇದು, ಬ್ರೌಸರ್ ಬಿಟ್ಟು ನೋಟ್‌ಪ್ಯಾಡ್‌ನಲ್ಲಿ, ಮ್ಯಾಕ್ ಆದ್ರೆ ಟೆಕ್ಸ್ಟ್‌ಎಡಿಟ್‌ನಲ್ಲಿ, ಅದೇ ವಾಕ್ಯ ಟೈಪ್ ಮಾಡಿ. ಅಲ್ಲೂ ಎರಡೆರಡು ಬಂದ್ರೆ ತಪ್ಪು ಐಎಂಇದು, ನೇರವಾಗಿ ಕೆಳಗಿನ ಐಎಂಇ ಭಾಗಕ್ಕೆ ಹೋಗಿ. ಅಲ್ಲಿ ಸರಿ ಬಂದ್ರೆ ಬ್ರೌಸರ್‌ನಲ್ಲೇ ಯಾವುದಾದ್ರೂ ಸರ್ಚ್ ಬಾಕ್ಸ್‌ನಲ್ಲಿ ಹೊಡೆದು ನೋಡಿ. ಸರ್ಚ್ ಬಾಕ್ಸ್‌ನಲ್ಲೂ ಸರಿ ಬಂದು ಎಡಿಟರ್‌ನಲ್ಲಿ ಮಾತ್ರ ಕೆಟ್ರೆ ಅನುಮಾನ ಎಡಿಟರ್ ಮೇಲೆ, ಇಲ್ಲಾ ಎಕ್ಸ್‌ಟೆನ್ಶನ್ ಮೇಲೆ.

ಮೂರ್ನೇದು ಇನ್‌ಕಾಗ್ನಿಟೋ ವಿಂಡೋ. ನೀವೇ ಪರ್ಮಿಷನ್ ಕೊಟ್ಟಿಲ್ಲಾಂದ್ರೆ ಕ್ರೋಮ್‌ನ ಇನ್‌ಕಾಗ್ನಿಟೋದಲ್ಲಿ ಎಕ್ಸ್‌ಟೆನ್ಶನ್‌ಗಳು ನಡೆಯಲ್ಲ. ಅಲ್ಲಿ ಸರಿ ಹೋದ್ರೆ ಕಳ್ಳ ಸಿಕ್ಕ ಹಾಗೇ. ವ್ಯಾಕರಣ ತಿದ್ದೋದು, ಅನುವಾದ ಮಾಡೋದು, ಶಾರ್ಟ್‌ಕಟ್ ಪದ ಬಿಡಿಸಿ ಬರೆಯೋದು, ಇಂಥ ಎಕ್ಸ್‌ಟೆನ್ಶನ್‌ಗಳು ನೀವು ಬರೆಯೋ ಜಾಗದೊಳಗೇ ತಲೆ ಹಾಕೋದ್ರಿಂದ ಮೊದಲು ಅವನ್ನೇ ಒಂದೊಂದಾಗಿ ಆಫ್ ಮಾಡಿ.

ಆಮೇಲೆ ಬೇರೆ ಬ್ರೌಸರ್. ಇಲ್ಲೊಂದು ವಿಷಯ ಜನಕ್ಕೆ ಗೊತ್ತಿರಲ್ಲ, ಕ್ರೋಮ್ ಬಿಟ್ಟು ಎಡ್ಜ್‌ನಲ್ಲಿ ನೋಡೋದು ಬೇರೆ ಬ್ರೌಸರ್‌ನಲ್ಲಿ ನೋಡಿದ ಹಾಗಲ್ಲ, ಎರಡರೊಳಗೂ ಇರೋದು ಕ್ರೋಮಿಯಮ್ ಅನ್ನೋ ಒಂದೇ ಮೂಲ ಕೋಡ್. ಫೈರ್‌ಫಾಕ್ಸ್ ಅಥವಾ ಮ್ಯಾಕ್‌ನ ಸಫಾರಿಯಲ್ಲಿ ನೋಡಿ.

ಈಗ ಐಎಂಇ. ವಿಂಡೋಸ್ 11 ಇದ್ರೆ ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್ ಅಂಡ್ ಲ್ಯಾಂಗ್ವೇಜ್, ಅದರೊಳಗೆ ಲ್ಯಾಂಗ್ವೇಜ್ ಅಂಡ್ ರೀಜನ್, ಅಲ್ಲಿ ಕೊರಿಯನ್ ಪಕ್ಕದ ಮೂರು ಚುಕ್ಕಿ ಒತ್ತಿ ಲ್ಯಾಂಗ್ವೇಜ್ ಆಪ್ಷನ್ಸ್ ತೆಗೀರಿ. ಕೆಳಗೆ ಮೈಕ್ರೋಸಾಫ್ಟ್ ಐಎಂಇ ಅಂತಿರುತ್ತೆ, ಅದರ ಕೀಬೋರ್ಡ್ ಆಪ್ಷನ್ಸ್‌ನಲ್ಲಿ ಐಎಂಇಯ ಹಿಂದಿನ ವರ್ಷನ್ ಬಳಸೋ ಒಂದು ಸ್ವಿಚ್ ಇದೆ. ಆನ್ ಮಾಡಿ, ಬ್ರೌಸರ್ ಪೂರ್ತಿ ಮುಚ್ಚಿ ತೆರೆದು ಮತ್ತೆ ಪ್ರಯತ್ನಿಸಿ. ಹೊಸ ಐಎಂಇ ಮತ್ತು ಕೆಲವು ಆ್ಯಪ್‌ಗಳ ನಡುವೆ ಹೊಂದಾಣಿಕೆ ಇಲ್ಲದಿದ್ರೆ ಬಳಸೋಕೇ ಆ ಸ್ವಿಚ್ ಇಟ್ಟಿರೋದು. ಮ್ಯಾಕ್‌ನಲ್ಲಿ ಇನ್‌ಪುಟ್ ಸೋರ್ಸಸ್‌ಗೆ ಹೋಗಿ ಕೊರಿಯನ್ 2-ಸೆಟ್ (ದುಬೊಲ್‌ಸಿಕ್‌ಗೆ ಅಲ್ಲಿರೋ ಹೆಸರು) ತೆಗೆದು ಮತ್ತೆ ಸೇರಿಸಿ, ಬೇರೆ ಕಂಪನಿಯ ಕೊರಿಯನ್ ಐಎಂಇ ಹಾಕಿದ್ರೆ ಸದ್ಯಕ್ಕೆ ಆಪಲ್‌ದೇ ಬಳಸಿ ನೋಡಿ. ಫೋನಲ್ಲಾದ್ರೆ ಕೀಬೋರ್ಡ್‌ನ ಪದ ಸೂಚನೆ ಮತ್ತು ಆಟೋಕರೆಕ್ಟ್ ಎರಡನ್ನೂ ಆಫ್ ಮಾಡಿ. ರಿಮೋಟ್ ಡೆಸ್ಕ್‌ಟಾಪ್ ಮೂಲಕ ಇನ್ನೊಂದು ಕಂಪ್ಯೂಟರ್‌ಗೆ ಹೋಗಿ ಬರೀತಿದ್ರೆ ಎರಡೂ ಕಡೆ ಕೊರಿಯನ್ ಐಎಂಇ ಆನ್ ಇದ್ಯಾ ನೋಡಿ, ಯಾವುದಾದ್ರೂ ಒಂದು ಕಡೆ ಮಾತ್ರ ಇರ್ಲಿ. ಹಾಗೇ ಎಡಿಟರ್‌ನೊಳಗೇ ಬೇರೆ ಭಾಷೆ ಟೈಪ್ ಮಾಡಿಸೋ ಇನ್‌ಪುಟ್ ಟೂಲ್ ಇದ್ರೆ ಅದನ್ನೂ ಆಫ್ ಮಾಡಿ.

ಇಷ್ಟಾದ್ರೂ ಹೋಗ್ಲಿಲ್ಲ, ನಾಳೆ ಬೆಳಗ್ಗೆ ರಿಪೋರ್ಟ್ ಕೊಡ್ಬೇಕು ಅಂದ್ರೆ ಒಂದು ಉಪಾಯ ಇದೆ. ಕೊನೇ ಅಕ್ಷರವನ್ನ ಐಎಂಇ ಕೈಯಿಂದ ನೀವೇ ಬಿಡಿಸ್ಕೊಳ್ಳಿ, ಅಂದ್ರೆ ಎಂಟರ್‌ಗೋ ಬೋಲ್ಡ್‌ಗೋ ಮುಂಚೆ ಬಲಗಡೆಯ ಬಾಣದ ಕೀ ಒಮ್ಮೆ ಒತ್ತಿ, ಇಲ್ಲಾ ಹಾನ್/ಯಂಗ್ ಕೀ ಒತ್ತಿ ಭಾಷೆ ಬದಲಾಯಿಸಿ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀ ಇರಲ್ಲ, ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಬಲಗಡೆಯ ಆಲ್ಟ್ ಆ ಕೆಲಸ ಮಾಡುತ್ತೆ. ಅಕ್ಷರದ ಕೆಳಗಿನ ಗೆರೆ ಹೋಯ್ತಾ ನೋಡಿ, ಹೋದ್ಮೇಲೆ ಎಂಟರ್. ಇಲ್ಲಾ ನೋಟ್‌ಪ್ಯಾಡ್‌ನಲ್ಲಿ ಬರೆದು ತಂದು ಪೇಸ್ಟ್ ಮಾಡಿ, ಪೇಸ್ಟ್‌ಗೆ ಐಎಂಇ ಸಂಬಂಧವೇ ಇಲ್ಲ.

ಇನ್ನು ಎಡಿಟರ್ ಕಟ್ಟೋ ಕೆಲಸದಲ್ಲಿರೋರಿಗೆ. ಬೆಂಗಳೂರಲ್ಲಿ ಇಂಥ ಕೋಡ್ ಬರೆಯೋರು ತುಂಬಾ ಜನ ಇದೀರಿ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ. ಎಂಟರ್ ಒತ್ತಿದಾಗ ಎರಡಾಗೋ ದೋಷಕ್ಕೆ ಸಾಮಾನ್ಯವಾಗಿ ಕಾರಣ ನಿಮ್ಮ ಕೀಡೌನ್ ಹ್ಯಾಂಡ್ಲರ್, ಅಂದ್ರೆ ಕೀ ಒತ್ತಿದ ತಕ್ಷಣ ನಡೆಯೋ ಕೋಡ್. ಐಎಂಇ ಇನ್ನೂ ಅಕ್ಷರ ಕಟ್ತಿರುವಾಗ ಬರೋ ಎಂಟರ್‌ಗೂ ನೀವು ಸಾಲು ಮುರಿದುಬಿಡ್ತೀರಿ, ಆಮೇಲೆ ಐಎಂಇ ತನ್ನ ಕೈಲಿದ್ದ ಕೊನೇ ಅಕ್ಷರ ತಂದು ಹೊಸ ಸಾಲಲ್ಲಿ ಇಡುತ್ತೆ. ಐಎಂಇ ಹೀಗೆ ಅಕ್ಷರ ಕಟ್ಟೋದಕ್ಕೇ ಕಂಪೋಸಿಷನ್ ಅನ್ನೋದು, ಈವೆಂಟ್‌ನ ಈಸ್‌ಕಂಪೋಸಿಂಗ್ ಟ್ರೂ ಇದ್ರೆ ಏನೂ ಮಾಡದೆ ವಾಪಸ್ ಹೋಗಿ. ಅಷ್ಟು ಸಾಲದು, ಸಫಾರಿಯಲ್ಲಿ ಕಟ್ಟಿ ಮುಗೀತು ಅಂತ ಹೇಳೋ ಕಂಪೋಸಿಷನ್‌ಎಂಡ್ ಮೊದಲು ಬಂದು ಕೀಡೌನ್ ಆಮೇಲೆ ಬರೋದ್ರಿಂದ ಅಲ್ಲಿ ಈಸ್‌ಕಂಪೋಸಿಂಗ್ ಫಾಲ್ಸ್ ಆಗಿರುತ್ತೆ, ಹಾಗಾಗಿ ಕೀಕೋಡ್ 229 (ಈ ಕೀಯನ್ನ ಐಎಂಇ ತಗೊಂಡಿದೆ ಅನ್ನೋ ಗುರುತು) ಇದ್ಯಾ ಅಂತಾನೂ ನೋಡಿ. ಕೀಕೋಡ್ ಹಳೇದಾಯ್ತು, ಬಳಸ್ಬೇಡಿ ಅಂತ ಎಲ್ಲಾ ಕಡೆ ಬರೆದಿರುತ್ತೆ, ಆದ್ರೂ ಈ ಒಂದು ಜಾಗದಲ್ಲಿ ಅದು ಬೇಕೇ ಬೇಕು.

ಪ್ರತಿ ಅಕ್ಷರಾನೂ ಎರಡಾಗ್ತಿದ್ರೆ ಇನ್‌ಪುಟ್ ಈವೆಂಟ್‌ನಲ್ಲಿ ಒಂದ್ಸಲ, ಕಂಪೋಸಿಷನ್‌ಎಂಡ್‌ನಲ್ಲಿ ಇನ್ನೊಂದ್ಸಲ ನೀವೇ ಸೇರಿಸ್ತಿದೀರಾ ಅಂತ ನೋಡ್ಕೊಳ್ಳಿ. ಬಿಫೋರ್‌ಇನ್‌ಪುಟ್‌ನಲ್ಲಿ ಪ್ರಿವೆಂಟ್‌ಡೀಫಾಲ್ಟ್ ಹಾಕಿ ಅಕ್ಷರವನ್ನ ತಾವೇ ಹಾಕೋ ಎಡಿಟರ್‌ಗಳೂ ಇಲ್ಲೇ ಎಡವೋದು, ಯಾಕಂದ್ರೆ ಇನ್ಸರ್ಟ್‌ಕಂಪೋಸಿಷನ್‌ಟೆಕ್ಸ್ಟ್ ಅನ್ನೋ ಬಗೆಯ ಇನ್‌ಪುಟ್‌ನ ಹಾಗೆ ತಡೆಯೋಕೆ ಆಗಲ್ಲ, ಬ್ರೌಸರ್ ಒಂದು ಹಾಕುತ್ತೆ, ನೀವೊಂದು ಹಾಕ್ತೀರಿ. ಇನ್ನೊಬ್ಬರು ಬರೀತಿರುವಾಗ ಮಾತ್ರ ಕೆಡ್ತಿದ್ರೆ ಅವರ ಬದಲಾವಣೆ ಬಂದಾಗ ನೀವು ಇಡೀ ಪ್ಯಾರಾ ಮತ್ತೆ ಚಿತ್ರಿಸ್ತಿದೀರಿ, ಕಂಪೋಸಿಷನ್ ನಡೀತಿರೋ ಪ್ಯಾರಾವನ್ನ ಅದು ಮುಗಿಯೋವರೆಗೂ ಮುಟ್ಟಬೇಡಿ, ಬಂದ ಬದಲಾವಣೆಗಳನ್ನ ಕ್ಯೂನಲ್ಲಿ ನಿಲ್ಲಿಸಿ ಆಮೇಲೆ ಸೇರಿಸಿ. ಕ್ರೋಮ್ 121ರಿಂದ ಎಡಿಟ್‌ಕಾಂಟೆಕ್ಸ್ಟ್ ಅನ್ನೋ ಹೊಸ ಎಪಿಐ ಬಂದಿದೆ, ಅಕ್ಷರ ಚಿತ್ರಿಸೋ ಕೆಲಸ ಮತ್ತು ಐಎಂಇ ಜೊತೆಗಿನ ಮಾತುಕತೆ ಎರಡನ್ನೂ ಬೇರೆ ಮಾಡುತ್ತೆ, ಆದ್ರೆ ಎಲ್ಲಾ ಬ್ರೌಸರ್‌ನಲ್ಲೂ ಇಲ್ಲದ್ದರಿಂದ ಅದೊಂದನ್ನೇ ನಂಬೋ ಹಾಗಿಲ್ಲ.

ನನಗೆ ನಿಜವಾಗ್ಲೂ ಸಂಕಟ ಆಗೋದು ಟೆಸ್ಟಿಂಗ್ ವಿಷಯದಲ್ಲಿ. ಆಟೋಮೇಟೆಡ್ ಟೆಸ್ಟ್‌ಗಳು ಸಾಮಾನ್ಯವಾಗಿ ಇಂಗ್ಲಿಷ್ ಕೀಗಳನ್ನ ಕಳಿಸಿ ಪಾಸ್ ಅಂತ ಹಸಿರು ತೋರಿಸಿಬಿಡುತ್ವೆ, ಕಂಪೋಸಿಷನ್ ಅನ್ನೋದೇ ಅಲ್ಲಿ ನಡೆದಿರಲ್ಲ. ಇದು ಕೊರಿಯನ್ನರ ಕಷ್ಟ ಮಾತ್ರ ಅಂತಾನೂ ತಿಳೀಬೇಡಿ, ಜಪಾನಿ, ಚೀನಿ ಬರೆಯೋದೂ ಹೀಗೇ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ತರಿಸೋ ವಿಂಡೋಸ್‌ನ ಫೋನೆಟಿಕ್ ಕೀಬೋರ್ಡ್ ಕೂಡ ಇದೇ ದಾರೀಲಿ ಬರೋದು. ರಿಲೀಸ್‌ಗೆ ಮುಂಚೆ ಒಬ್ಬರು ಮನುಷ್ಯರು ಕೂತು ಕೊರಿಯನ್ ಒಂದು ಪ್ಯಾರಾ, ಕನ್ನಡ ಒಂದು ಪ್ಯಾರಾ ಕೈಯಾರೆ ಟೈಪ್ ಮಾಡಿ ನೋಡ್ಲೇಬೇಕು.

ಬಳಸೋರು ಕಂಪ್ಲೇಂಟ್ ಕಳಿಸುವಾಗ 'ಕೊರಿಯನ್ ಬರ್ತಿಲ್ಲ' ಅಂತ ಒಂದು ಸಾಲು ಬರೆದ್ರೆ ಯಾರಿಗೂ ಉಪಯೋಗ ಇಲ್ಲ. ಆಪರೇಟಿಂಗ್ ಸಿಸ್ಟಮ್, ಬ್ರೌಸರ್ ವರ್ಷನ್, ಯಾವ ಐಎಂಇ, ಯಾವ ಕೀ ಯಾವ ಕ್ರಮದಲ್ಲಿ ಒತ್ತಿದ್ರಿ, ಏನು ಬರ್ಬೇಕಿತ್ತು, ಏನು ಬಂತು, ಇಷ್ಟು ಬರೆದು ಒಂದು ಚಿಕ್ಕ ಸ್ಕ್ರೀನ್ ರೆಕಾರ್ಡಿಂಗ್ ಹಾಕಿ.

ಕೊನೇದಾಗಿ, ಆಗ್ಲೇ ಕೆಟ್ಟುಹೋಗಿರೋ ಡಾಕ್ಯುಮೆಂಟ್. ಎರಡೆರಡು ಬಂದಿರೋದನ್ನೆಲ್ಲಾ ಫೈಂಡ್ ರಿಪ್ಲೇಸ್‌ನಲ್ಲಿ ಒಂದೇ ಏಟಿಗೆ ತೆಗೆದುಬಿಡ್ತೀನಿ ಅಂತ ಹೋಗ್ಬೇಡಿ. ನಮ್ಮ 'ಮೆಲ್ಲಮೆಲ್ಲಗೆ' ಥರ ಕೊರಿಯನ್‌ನಲ್ಲೂ 'ಚೊನ್‌ಚೊನ್‌ಹಿ' ಅಂತಿದೆ, 'ಜೊಮ್‌ಜೊಮ್' ಅಂತಿದೆ, ಅವುಗಳಲ್ಲಿ ಅಕ್ಷರ ಎರಡು ಸಲ ಬರ್ಲೇಬೇಕು, ಯಂತ್ರಕ್ಕೆ ಆ ವ್ಯತ್ಯಾಸ ತಿಳಿಯಲ್ಲ. ವರ್ಷನ್ ಹಿಸ್ಟರಿ ತೆರೀರಿ, ಗೂಗಲ್ ಡಾಕ್ಸ್‌ನಲ್ಲಾದ್ರೆ ಫೈಲ್ ಮೆನುವಿನಲ್ಲೇ ಇದೆ, ದೋಷ ಶುರುವಾಗೋಕೆ ಮುಂಚಿನ ಪ್ರತಿ ಹುಡುಕಿ, ಆಮೇಲೆ ಬರೆದ ಪ್ಯಾರಾಗಳನ್ನ ಮಾತ್ರ ಕಣ್ಣಲ್ಲೇ ಓದಿ ತಿದ್ದಿ. ಸಾಲಿನ ಕೊನೆ, ಬೋಲ್ಡ್ ಮಾಡಿದ ಪದದ ಅಂಚು, ಈ ಎರಡು ಕಡೆ ಮೊದಲು ನೋಡಿ.