ಅರಿಸ್ಟಾಟಲನ ‘ನಿಕೊಮೇಕಿಯನ್ ಎಥಿಕ್ಸ್’ ಕೂಡಿ ಓದುವ ಕ್ರಮ

ಕಾಸರಗೋಡು, ಕುಂಬಳೆ ಕಡೆಯ ವಾಚನಾಲಯದಲ್ಲಿ ಏಳೆಂಟು ಮಂದಿ ಕೂತು, ಒಳ್ಳೆಯ ಬದುಕು ಯಾವುದೆಂದು ಕೇಳುವ ಈ ಗ್ರೀಕ್ ಗ್ರಂಥವನ್ನು ಓದುವುದಾದರೆ ಮೊದಲ ತೊಡಕು ಪುಟಸಂಖ್ಯೆಯದು. ಒಬ್ಬೊಬ್ಬರ ಕೈಯಲ್ಲೂ ಬೇರೆ ಬೇರೆ ಇಂಗ್ಲಿಷ್ ಅನುವಾದ. ಅಂಚಿನಲ್ಲಿ ಅಚ್ಚಾದ ಬೆಕರ್ ಸಂಖ್ಯೆ, ಅಂದರೆ ಬೆಕರ್ ಎಂಬ ವಿದ್ವಾಂಸ ಹೊರತಂದ ಗ್ರೀಕ್ ಆವೃತ್ತಿಯ ಪುಟ ಮತ್ತು ಕಾಲಂ (ಎ, ಬಿ), ಹಿಡಿಯಿರಿ. 1094ಎ ಯಿಂದ 1181ಬಿ ವರೆಗೆ ಅದು ಎಲ್ಲ ಅನುವಾದಗಳಿಗೂ ಒಂದೇ.

ಎರಡನೆಯದು ‘ಯೂಡೈಮೋನಿಯಾ’, ಮನುಷ್ಯನ ಪರಮ ಗುರಿಗೆ ಅರಿಸ್ಟಾಟಲ್ ಬಳಸುವ ಗ್ರೀಕ್ ಪದ. ಇದನ್ನು ಸಂತೋಷ ಎಂದಿರೋ, ಮುಂದಿನ ಚರ್ಚೆಯೆಲ್ಲ ಹಳ್ಳ ಹಿಡಿಯಿತು. ಕನ್ನಡದಲ್ಲೂ ಮಲಯಾಳದಲ್ಲೂ ಆ ಪದ ಮನಸ್ಸಿನ ಒಂದು ಭಾವವಷ್ಟೆ. ಅರಿಸ್ಟಾಟಲ್ ಹೇಳುವುದು ಇಡೀ ಬದುಕು ಚೆನ್ನಾಗಿ ನಡೆಯುವುದನ್ನು. ‘ಒಳ್ಳೆಯ ಬಾಳು’ ಪರವಾಗಿಲ್ಲ. ಗ್ರೀಕ್ ಪದವನ್ನೇ ಇಟ್ಟುಕೊಂಡರೆ ಇನ್ನೂ ಕ್ಷೇಮ.

ಹತ್ತು ಭಾಗಗಳನ್ನೂ ಸಾಲಾಗಿ ಓದಹೊರಟವರು ಐದನೆಯ ಭಾಗದ ನ್ಯಾಯವಿಚಾರದಲ್ಲಿ ಸುಸ್ತಾಗುತ್ತಾರೆ. ಒಂದು, ಎರಡು, ಆಮೇಲೆ ಸ್ನೇಹದ ಕುರಿತ ಎಂಟು–ಒಂಬತ್ತು, ಕೊನೆಗೆ ಹತ್ತರ 6ರಿಂದ 8ನೆಯ ಅಧ್ಯಾಯ: ಇಷ್ಟು ಸಾಕು.

ಒಂದನೆಯ ಭಾಗದ 7ನೆಯ ಅಧ್ಯಾಯಕ್ಕೆ ಎರಡು ಬೈಠಕ್ ಕೊಡಿ. ಅಲ್ಲಿ ಉದಾಹರಣೆಯಾಗಿ ಬರುವ ತಂತಿವಾದ್ಯದವನ ಬದಲು ಮೇಳದ ಚೆಂಡೆಯವರನ್ನು ನೆನೆಯಿರಿ. ಚೆಂಡೆಯವರ ಕೆಲಸ ಬಾರಿಸುವುದು, ಒಳ್ಳೆಯ ಚೆಂಡೆಯವರದು ಚೆನ್ನಾಗಿ ಬಾರಿಸುವುದು. ಹಾಗಾದರೆ ಮನುಷ್ಯನಾಗಿ ಮನುಷ್ಯನ ಕೆಲಸ ಯಾವುದು? ವಿವೇಕಕ್ಕೆ ಹೊಂದಿದ ಚಟುವಟಿಕೆ ಎನ್ನುತ್ತಾನೆ ಅವನು. ‘ಮನುಷ್ಯನಿಗೆ ಅಂಥದ್ದೊಂದು ಕೆಲಸ ಇದೆಯೆಂದು ಯಾರು ಹೇಳಿದ್ದು?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತಡೆಯಬೇಡಿ, ವಾದದ ಸಡಿಲ ಗಂಟು ಇರುವುದೇ ಅಲ್ಲಿ.

ಹತ್ತನೆಯ ಭಾಗದಲ್ಲಿ ಧ್ಯಾನಶೀಲ ಚಿಂತನೆಯ ಬದುಕೇ ಮೇಲು ಎಂದುಬಿಡುತ್ತಾನೆ. ಮೊದಲು ಓದಿದ್ದಕ್ಕೆ ಇದು ಕೂಡಿಬರುತ್ತದೆಯೇ ಎಂಬುದರಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಆ ದಿನ ಚಹಾ ಎರಡು ಸಲ ತರಿಸಬೇಕಾದೀತು.