ಎದೆಬಡಿತದ ಗೆರೆ ಹಿಡಿಯುವುದು ಹೇಗೆ?

ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ 1.5 ವೋಲ್ಟ್. ಹೃದಯ ಬಡಿದಾಗ ಎದೆಯ ಚರ್ಮದ ಮೇಲೆ ಸಿಗುವುದು ಹೆಚ್ಚುಕಡಿಮೆ 1 ಮಿಲಿವೋಲ್ಟ್, ಅಂದರೆ ಆ ಸೆಲ್ಲಿನ ಒಂದೂವರೆ ಸಾವಿರದಲ್ಲಿ ಒಂದು ಪಾಲು. ಮಿದುಳಿನದು ಇನ್ನೂ ಸಣ್ಣದು, ನೆತ್ತಿಯ ಮೇಲೆ 10ರಿಂದ 100 ಮೈಕ್ರೋವೋಲ್ಟ್. ಸ್ನಾಯುವಿನದು ಬಿಗಿತಕ್ಕೆ ತಕ್ಕಂತೆ ಏರಿಳಿಯುತ್ತದೆ. ಮೊದಲ ಸಲ ಕೈಹಾಕುವವರಿಗೆ ಹೃದಯವೇ ಸಲೀಸು. ಲಯಬದ್ಧವಾಗಿ ಬರುತ್ತದೆ, ಬಂದದ್ದು ಸರಿಯೋ ತಪ್ಪೋ ಎಂದು ಮಣಿಕಟ್ಟಿನ ನಾಡಿ ಹಿಡಿದೇ ತಾಳೆ ನೋಡಬಹುದು.

ಎದೆಗೆ ಎಲೆಕ್ಟ್ರೋಡ್ ಎಂಬ ಅಂಟುಬಿಲ್ಲೆ ಅಂಟಿಸಿ, ಆ ಸಿಗ್ನಲನ್ನು ಸಣ್ಣ ಮಾಡ್ಯೂಲಿನಲ್ಲಿ ಹಿಗ್ಗಿಸಿ, ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೂಲಕ ಲ್ಯಾಪ್‌ಟಾಪಿನ ಪರದೆಗೆ ತರುವುದು ಇಲ್ಲಿನ ಕೆಲಸ. ಶುರುವಿಗೆ ಮುಂಚೆ ಒಂದು ಕಟ್ಟುನಿಟ್ಟು. ಎಲೆಕ್ಟ್ರೋಡ್ ಮೈಮೇಲಿರುವಷ್ಟು ಹೊತ್ತು ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಮಾತ್ರ ಓಡಬೇಕು. ಚಾರ್ಜರ್, ಪ್ರಿಂಟರ್, ಹೊರಗಿನ ಮಾನಿಟರ್ ಯಾವುದೂ ಜೋಡಣೆಯಲ್ಲಿ ಇರಬಾರದು. ಚಾರ್ಜ್‌ಗೆ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈ ಸವರಿದಾಗ ಬೆರಳು ಜುಮ್ಮೆನ್ನುವುದನ್ನು ನೀವೂ ಗಮನಿಸಿರಬಹುದು. ಅದು ಅಡಾಪ್ಟರಿನಿಂದ ಸೋರುವ ಕರೆಂಟು. ಒಣ ಚರ್ಮ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ನಾವಿಲ್ಲಿ ಮಾಡುವ ಕೆಲಸವೇ ಆ ತಡೆಯನ್ನು ತೆಗೆಯುವುದು. ಪೇಸ್‌ಮೇಕರ್ ಇರುವವರ ಮೇಲೆ ಈ ಪ್ರಯೋಗ ಬೇಡವೇ ಬೇಡ. ರೋಗ ಪತ್ತೆಗೂ ಇದು ಸಲ್ಲದು: ಆಸ್ಪತ್ರೆಯ ಇಸಿಜಿಯಲ್ಲಿ 10 ಎಲೆಕ್ಟ್ರೋಡ್‌ಗಳಿಂದ 12 ನೋಟ ಸಿಗುತ್ತವೆ, ನಮ್ಮದು ಒಂದೇ ಕಿಂಡಿ. ಎದೆನೋವಿದ್ದರೆ 108ಕ್ಕೆ ಫೋನ್ ಮಾಡಿ, ಆರ್ಡುಯಿನೋ ಹುಡುಕಬೇಡಿ.

ಸಾಮಾನು

ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ‘ಎಡಿ 8232 ಇಸಿಜಿ ಮಾಡ್ಯೂಲ್’ ಎಂದು ಕೇಳಿ. ಮೂರು ಕವಲಿನ ಕೇಬಲ್ಲು ಸಾಮಾನ್ಯವಾಗಿ ಜೊತೆಗೇ ಬರುತ್ತದೆ. ಆರ್ಡುಯಿನೋ ಊನೋ ಒಂದು, ಜಂಪರ್ ವೈರ್ ಆರು. ಒತ್ತುಗುಂಡಿಯಿರುವ, ಒಮ್ಮೆ ಬಳಸಿ ಎಸೆಯುವ ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್ ಯಾವುದೇ ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಪೊಟ್ಟಣದ ಮೇಲಿನ ಅವಧಿ ನೋಡಿ ತನ್ನಿ. ಒಡೆದ ಪೊಟ್ಟಣದ ಬಾಯಿ ಮಡಿಚಿ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಜೆಲ್ ಒಣಗಿ ಹಪ್ಪಳವಾಗುತ್ತದೆ. ಮಾಡ್ಯೂಲಿನ ಪಿನ್‌ಗಳಿಗೆ ಬೆಸುಗೆ ಆಗಿಲ್ಲದಿದ್ದರೆ ಮೊದಲು ಬೆಸುಗೆ ಹಾಕಿ. ಪಿನ್ನನ್ನು ತೂತಿಗೆ ಸುಮ್ಮನೆ ಸಿಕ್ಕಿಸಿ ಕೆಲಸ ಸಾಗಿಸಿದರೆ ಆಮೇಲೆ ಬರುವ ಅರ್ಧ ತೊಂದರೆಗಳಿಗೆ ಅದೇ ಮೂಲ.

ಜೋಡಣೆ

ಮಾಡ್ಯೂಲಿನ ಗ್ರೌಂಡ್ ಆರ್ಡುಯಿನೋ ಗ್ರೌಂಡ್‌ಗೆ, 3.3 ವೋಲ್ಟ್ ಪಿನ್ 3.3 ವೋಲ್ಟ್‌ಗೇ. ಪಕ್ಕದ 5 ವೋಲ್ಟ್ ಪಿನ್ನಿಗೆ ಅಪ್ಪಿತಪ್ಪಿಯೂ ಬೇಡ, ಈ ಚಿಪ್ಪಿನ ಮಿತಿ 3.5 ವೋಲ್ಟ್. ಔಟ್‌ಪುಟ್ ಎ0ಗೆ, ಎಲ್ಓ ಪ್ಲಸ್ 10ನೇ ಪಿನ್ನಿಗೆ, ಎಲ್ಓ ಮೈನಸ್ 11ಕ್ಕೆ. ಎಲೆಕ್ಟ್ರೋಡ್ ಕಿತ್ತುಬಂದರೆ ಈ ಎರಡು ಪಿನ್‌ಗಳೇ ಹೇಳುತ್ತವೆ. ಎಸ್‌ಡಿಎನ್ ಪಿನ್ನನ್ನು ಹಾಗೇ ಬಿಡಿ, ಗ್ರೌಂಡ್‌ಗೆ ತಾಗಿದರೆ ಚಿಪ್ ಮಲಗಿಬಿಡುತ್ತದೆ.

ಆರನೇ ವೈರು ಬಹಳ ಮಂದಿ ಬಿಟ್ಟುಬಿಡುವಂಥದ್ದು: ಊನೋದ 3.3 ವೋಲ್ಟ್‌ನಿಂದ ಎ-ರೆಫ್ ಪಿನ್ನಿಗೆ, ಅಂದರೆ ಅಳತೆಯ ಮೇಲಿನ ಮಿತಿ ಎಷ್ಟೆಂದು ಊನೋಗೆ ತಿಳಿಸುವ ಪಿನ್ನಿಗೆ. ಊನೋ ತನ್ನ ಅಳತೆಪಟ್ಟಿಯನ್ನು 1024 ಮೆಟ್ಟಿಲಾಗಿ ಹಂಚುತ್ತದೆ. ಪಟ್ಟಿ 5 ವೋಲ್ಟ್ ಉದ್ದವಿದ್ದರೆ ಮಾಡ್ಯೂಲ್ ಎಂದೂ ಮುಟ್ಟದ ಮೇಲಿನ ಮೂರನೇ ಒಂದು ಭಾಗ ದಂಡ. 3.3 ವೋಲ್ಟ್‌ಗೆ ಇಳಿಸಿದರೆ ಒಂದು ಮೆಟ್ಟಿಲು ಸುಮಾರು 3.2 ಮಿಲಿವೋಲ್ಟ್. ಈ ಮಾಡ್ಯೂಲ್‌ಗಳ ಸಾಮಾನ್ಯ ವಿನ್ಯಾಸದಲ್ಲಿ ಸಿಗ್ನಲ್ ಸುಮಾರು 1100 ಪಟ್ಟು ಹಿಗ್ಗುವುದರಿಂದ ಚರ್ಮದ ಲೆಕ್ಕದಲ್ಲಿ ಅದು 3 ಮೈಕ್ರೋವೋಲ್ಟ್. ಎದೆಬಡಿತಕ್ಕೆ ಧಾರಾಳ ಸಾಕು. ಆದರೆ ಪ್ರೋಗ್ರಾಮಿನಲ್ಲಿ ಮೊದಲ ಓದಿಗೂ ಮುಂಚೆ ರೆಫರೆನ್ಸ್ ‘ಎಕ್ಸ್‌ಟರ್ನಲ್’ ಎಂದು ಘೋಷಿಸಿರಬೇಕು. ಹಾಗೆ ಮಾಡದೆ ಓದಿದರೆ ಊನೋ ಚಿಪ್ಪಿನ ಒಳಗೇ ಎರಡು ವೋಲ್ಟೇಜುಗಳು ಡಿಕ್ಕಿಯಾಗಿ ಅದು ಕೆಡಬಹುದು. ಆದ್ದರಿಂದ ಪ್ರೋಗ್ರಾಮ್ ಹಾಕಿದ ಮೇಲೆ ಈ ವೈರು ಸೇರಿಸಿ.

ಪ್ರೋಗ್ರಾಮ್ ಚಿಕ್ಕದೇ: ಸೆಕೆಂಡಿಗೆ 250 ಸಲ, ಅಂದರೆ 4 ಮಿಲಿಸೆಕೆಂಡಿಗೊಮ್ಮೆ, ಎ0 ಓದಿ ಲ್ಯಾಪ್‌ಟಾಪಿಗೆ ಕಳಿಸಬೇಕು. ಎಡವುವುದು ಎರಡು ಕಡೆ. ‘ಡಿಲೇ 4’ ಎಂದು ಬರೆದು ನಿಶ್ಚಿಂತರಾದರೆ ಓದುವುದಕ್ಕೂ ಕಳಿಸುವುದಕ್ಕೂ ಹಿಡಿಯುವ ಸಮಯ ಅದರ ಮೇಲೆ ಸೇರಿಕೊಳ್ಳುತ್ತದೆ. ಸ್ಯಾಂಪಲ್ 250ಕ್ಕಿಂತ ಕಡಿಮೆಯಾಗಿ, ಎಣಿಸಿದ ಬಡಿತ ನಿಜಕ್ಕಿಂತ ಜಾಸ್ತಿ ಬರುತ್ತದೆ. ಬೋರ್ಡಿನ ಮೈಕ್ರೋಸೆಕೆಂಡ್ ಗಡಿಯಾರ ನೋಡಿ, 4000 ತುಂಬಿದಾಗ ಓದುವಂತೆ ಬರೆಯಿರಿ. ಎರಡನೆಯದು ಸೀರಿಯಲ್ ವೇಗ, ಅಂದರೆ ಬೋರ್ಡಿನಿಂದ ಲ್ಯಾಪ್‌ಟಾಪಿಗೆ ಅಂಕಿ ಹರಿಯುವ ವೇಗ; ಅದರ ಅಳತೆ ಬಾಡ್. 9600 ಬಾಡ್ ಎಂದರೆ ಸೆಕೆಂಡಿಗೆ 960 ಅಕ್ಷರ. ಮೂರಂಕಿಯ ಸಂಖ್ಯೆಗೆ ಸಾಲಿನ ಕೊನೆಯ ಎರಡು ಗುರುತು ಸೇರಿ 5 ಅಕ್ಷರ, ಹಾಗಾಗಿ 192 ಸಾಲಿನ ಮೇಲೆ ಹೋಗದು. 115200ಕ್ಕೆ ಇಡಿ, ಲ್ಯಾಪ್‌ಟಾಪಿನ ಕಡೆಯೂ ಅದೇ ಇರಲಿ.

ಚರ್ಮ

ಫಲಿತಾಂಶ ನಿರ್ಧಾರವಾಗುವುದು ಇಲ್ಲಿ. ಒಣ ಚರ್ಮದ ಹೊರಪದರ ಲಕ್ಷಗಟ್ಟಲೆ ಓಮ್ ತಡೆ ಒಡ್ಡಬಹುದು. ಸರಿಯಾಗಿ ಉಜ್ಜಿದರೆ ಅದು ಕೆಲವು ಸಾವಿರಕ್ಕೆ ಇಳಿಯುತ್ತದೆ. ಕೊಬ್ಬರಿ ಎಣ್ಣೆ, ಲೋಷನ್, ಪೌಡರ್ ಮೂರೂ ವೈರಿಗಳೇ. ಎಣ್ಣೆ ಸ್ನಾನದ ದಿನ ಈ ಪ್ರಯೋಗಕ್ಕೆ ಕೂರಬೇಡಿ. ಜಾಗವನ್ನು ಸೋಪಿನಿಂದ ತೊಳೆದು ಒರಸಿ, ಒರಟು ಬಟ್ಟೆಯಿಂದ ಹತ್ತು ಸಲ ಮೆಲ್ಲಗೆ ಉಜ್ಜಿ. ಚರ್ಮ ಒಂದಿಷ್ಟು ಕೆಂಪಾದರೆ ಸಾಕು, ಗೀರಬಾರದು. ಆಮೇಲೆ ಸ್ಪಿರಿಟ್ ಹಚ್ಚಿ ಪೂರ್ತಿ ಆರಲು ಬಿಡಿ. ಕೂದಲಿದ್ದರೆ ಬೋಳಿಸಿ. ಎಲೆಕ್ಟ್ರೋಡ್ ಅಂಟಿಸುವಾಗ ಬೆರಳು ಅಂಚಿನ ಸುತ್ತ ಓಡಲಿ; ನಡುವೆ ಅದುಮಿದರೆ ಜೆಲ್ ಹೊರಬಂದು ಅಂಟನ್ನೇ ಕೆಡಿಸುತ್ತದೆ. ಅಂಟಿಸುವ ಮುಂಚೆಯೇ ವೈರನ್ನು ಗುಂಡಿಗೆ ಸಿಕ್ಕಿಸಿಕೊಂಡರೆ ಎದೆ ಅದುಮುವ ಪ್ರಮೇಯವೂ ಇಲ್ಲ. ಬಳಿಕ ಎರಡು ಮೂರು ನಿಮಿಷ ಸುಮ್ಮನಿರಿ, ಜೆಲ್ ಚರ್ಮಕ್ಕೆ ಇಳಿಯಲಿ.

ಆರ್‌ಎ (ಬಲಗೈ ಗುರುತು) ಬಲ ಕೊರಳೆಲುಬಿನ ಕೆಳಗೆ, ಎಲ್ಎ (ಎಡಗೈ) ಎಡ ಕೊರಳೆಲುಬಿನ ಕೆಳಗೆ, ಆರ್‌ಎಲ್ (ಬಲಗಾಲು) ಬಲಗಡೆಯ ಕೊನೆಯ ಪಕ್ಕೆಲುಬಿನ ಹತ್ತಿರ. ಅಲೆ ಗಿಡ್ಡವೆನಿಸಿದರೆ ಎಲ್ಎಯನ್ನು ಎಡಗಡೆಯ ಕೆಳ ಪಕ್ಕೆಲುಬಿಗೆ ಇಳಿಸಿ. ಇಸಿಜಿಗೆ ಅಡಿಪಾಯ ಹಾಕಿದ ವಿಜ್ಞಾನಿ ಐಂಥೋವನ್ ಗುರುತಿಸಿದ ಎರಡನೇ ಲೀಡ್‌ಗೆ ಹತ್ತಿರದ ನೋಟ ಅದು, ಬಹುತೇಕರಲ್ಲಿ ಎತ್ತರದ ಮೊನೆ ಕೊಡುತ್ತದೆ. ಕೇಬಲ್ಲಿನ ಬಣ್ಣ ನಂಬಬೇಡಿ. ಒಬ್ಬ ತಯಾರಕರ ಕೆಂಪು ಇನ್ನೊಬ್ಬರ ಕೆಂಪಲ್ಲ. ಕೇಬಲ್ಲನ್ನು ಮಾಡ್ಯೂಲಿಗೆ ಚುಚ್ಚಿ, ಬೋರ್ಡಿನ ಮೇಲೆ ಆರ್‌ಎ ಎಂದು ಬರೆದ ಪಿನ್ನಿಗೂ ಕೇಬಲ್ಲಿನ ತುದಿಗೂ ಮಲ್ಟಿಮೀಟರ್ ಹಿಡಿದು ಬೀಪ್ ಕೇಳಿಸಿಕೊಳ್ಳಿ.

ಗೆರೆ ಯಾಕೆ ದಪ್ಪ?

ಬಂದ ಅಂಕಿಗಳನ್ನು ಗೆರೆಯಾಗಿ ತೋರಿಸುವ ಸೀರಿಯಲ್ ಪ್ಲಾಟರ್ ಕಿಟಕಿಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದರೆ 512ರ ಆಸುಪಾಸಿನಲ್ಲಿ ಗೆರೆ ಓಡಬೇಕು. ಮೊದಲು ಸಣ್ಣ ಗುಡ್ಡ, ಅದು ಪಿ. ಹಿಂದೆಯೇ ಸೂಜಿಮೊನೆಯಂತಹ ಕ್ಯೂಆರ್‌ಎಸ್. ಆಮೇಲೆ ಅಗಲವಾದ ಟಿ. ಗೆರೆ 0ಗೋ 1023ಕ್ಕೋ ಅಂಟಿ ಕೂತಿದ್ದರೆ ಎಲೆಕ್ಟ್ರೋಡ್ ಬಿಟ್ಟಿದೆ, ಅಥವಾ ಜ್ಯಾಕ್ ಪೂರ್ತಿ ಒಳಹೋಗಿಲ್ಲ. ಮೊನೆ ತಲೆಕೆಳಗಾಗಿದ್ದರೆ ಆರ್‌ಎ, ಎಲ್ಎ ಅದಲುಬದಲು. ಗೆರೆ ಉಸಿರಿನ ಜೊತೆ ತೂಗುತ್ತಿದ್ದರೆ ಎಲೆಕ್ಟ್ರೋಡ್ ಜಗ್ಗುತ್ತಿದೆ, ವೈರಿಗೆ ಒಂದು ಕಡೆ ಟೇಪ್ ಹಾಕಿ. ಸಣ್ಣ ಮುಳ್ಳುಗಳು ಎಡೆಬಿಡದೆ ಬರುತ್ತಿದ್ದರೆ ಅದು ಸ್ನಾಯು: ಹೆಗಲು ಸಡಿಲ ಬಿಟ್ಟು ಒರಗಿ ಕೂರಿ.

ಇವೆಲ್ಲಕ್ಕಿಂತ ಕಾಡುವುದು 50 ಹರ್ಟ್ಸ್ ಗುಂಯ್‌ಗುಡುವಿಕೆ. ಗೋಡೆಯೊಳಗಿನ ವೈರು, ತಲೆಯ ಮೇಲಿನ ಫ್ಯಾನು, ಪಕ್ಕದ ಎಕ್ಸ್‌ಟೆನ್ಷನ್ ಬಾಕ್ಸು ಎಲ್ಲವೂ ಮುಟ್ಟದೆಯೇ ಮೈಗೆ ವೋಲ್ಟೇಜು ಹತ್ತಿಸುತ್ತವೆ. ಅದು ಎರಡೂ ಎಲೆಕ್ಟ್ರೋಡಿಗೆ ಸಮನಾಗಿ ಬಂದರೆ ಚಿಪ್ ಕಳೆದುಹಾಕುತ್ತದೆ. ಆದರೆ ಒಂದು ಚೆನ್ನಾಗಿ ಅಂಟಿ, ಇನ್ನೊಂದು ಎಣ್ಣೆ ಮೈಮೇಲೆ ಕೂತಿದ್ದರೆ ಸಮ ಎಲ್ಲಿಂದ ಬರಬೇಕು? ಆ ವ್ಯತ್ಯಾಸವೇ ಹಿಗ್ಗಿ ಗೆರೆ ದಪ್ಪಗಾಗುತ್ತದೆ. ಮೂರನೆಯ ಎಲೆಕ್ಟ್ರೋಡ್, ಅಂದರೆ ಆರ್‌ಎಲ್, ಇದೇ ಗದ್ದಲವನ್ನು ತಿರುವುಮುರುವು ಮಾಡಿ ಮೈಗೆ ಮರಳಿಸುವ ದಾರಿ. ಆರ್‌ಎಲ್ ಸಡಿಲವಾದರೂ ಗೆರೆ ಕಂಬಳಿಹುಳುವಾಗುತ್ತದೆ. ಮಾಡ್ಯೂಲಿನಲ್ಲಿ 40 ಹರ್ಟ್ಸ್ ಫಿಲ್ಟರ್ ಇದ್ದರೂ 50 ಅದಕ್ಕೆ ತೀರಾ ಪಕ್ಕದಲ್ಲಿರುವುದರಿಂದ ನುಸುಳಿ ಬರುತ್ತದೆ.

ಮೂಲ ಗುರುತಿಸಲು ಕರೆಂಟ್ ಹೋಗುವ ಹೊತ್ತು ಒಳ್ಳೆಯದು, ಬೆಂಗಳೂರಿನಲ್ಲಿ ಅದಕ್ಕೆ ಬಹಳ ಕಾಯಬೇಕಿಲ್ಲ. ದಪ್ಪ ಗೆರೆ ಆ ಕ್ಷಣವೇ ತೆಳುವಾದರೆ ಕಳ್ಳ ಸಿಕ್ಕಂತೆ. ಮನೆಯ ಯುಪಿಎಸ್ ಕೈಗೆತ್ತಿಕೊಂಡರೆ ಮತ್ತೆ ದಪ್ಪ. ಮಂಚವನ್ನೋ ಕುರ್ಚಿಯನ್ನೋ ಗೋಡೆಯಿಂದ ದೂರ ಎಳೆಯಿರಿ, ಮೂರೂ ವೈರುಗಳನ್ನು ಜಡೆಯಂತೆ ಹೆಣೆಯಿರಿ, ಚರ್ಮ ಮತ್ತೊಮ್ಮೆ ಒರಸಿ ಎಲೆಕ್ಟ್ರೋಡ್ ಬದಲಿಸಿ. ಇಷ್ಟಾದ ಮೇಲೆ ಫಿಲ್ಟರ್. 250 ಸ್ಯಾಂಪಲ್ ವೇಗದಲ್ಲಿ ಒತ್ತೊತ್ತಿನ 5 ಸಂಖ್ಯೆಗಳ ಸರಾಸರಿ ತೆಗೆಯಿರಿ. 5 ಸಲ 4 ಎಂದರೆ 20 ಮಿಲಿಸೆಕೆಂಡ್, 50 ಹರ್ಟ್ಸ್ ಅಲೆಯ ಸರಿಯಾಗಿ ಒಂದು ಸುತ್ತು. ಏರು, ಇಳಿವು ಪರಸ್ಪರ ಕಳೆದು ಗದ್ದಲ ಸೊನ್ನೆ. ಬೆಲೆ ಏನೆಂದರೆ ಕ್ಯೂಆರ್‌ಎಸ್ ಮೊನೆಯೂ ಸ್ವಲ್ಪ ಮೊಂಡಾಗುತ್ತದೆ. ಬಡಿತ ಎಣಿಸಲು ಪರವಾಗಿಲ್ಲ, ಎತ್ತರ ಅಳೆಯಲು ಬೇಡ.

ಎಣಿಕೆ

ಒಂದು ಆರ್ ಮೊನೆಯಿಂದ (ಕ್ಯೂಆರ್‌ಎಸ್‌ನ ತುದಿ) ಮುಂದಿನದಕ್ಕೆ ಎಷ್ಟು ಮಿಲಿಸೆಕೆಂಡ್ ಎಂದು ನೋಡಿ 60000ವನ್ನು ಅದರಿಂದ ಭಾಗಿಸಿ. 800 ಬಂದರೆ ಬಡಿತ 75. ಪ್ರೋಗ್ರಾಮಿನಿಂದ ಮೊನೆ ಹುಡುಕಿಸುವಾಗ ‘ಇಷ್ಟಕ್ಕಿಂತ ಎತ್ತರ’ ಎಂಬ ಒಂದೇ ನಿಯಮ ಇಟ್ಟರೆ ಎತ್ತರದ ಟಿ ಅಲೆಯೂ ಲೆಕ್ಕಕ್ಕೆ ಬರುತ್ತದೆ. ನಾಡಿ 75 ಇದ್ದರೆ ಪರದೆ 150 ಎನ್ನುತ್ತದೆ! ಪಾನ್ ಮತ್ತು ಟಾಮ್‌ಕಿನ್ಸ್ ಎಂಬ ಸಂಶೋಧಕರು 1985ರಲ್ಲಿ ಕೊಟ್ಟ ವಿಧಾನ ಇವತ್ತಿಗೂ ಕಲಿಯಲು ಯೋಗ್ಯ. ಎತ್ತರದ ಬದಲು ಏರು ಎಷ್ಟು ಕಡಿದಾಗಿದೆ ಎಂದು ನೋಡುವುದು ಅದರ ಜಾಣತನ: ಪಕ್ಕದ ಸಂಖ್ಯೆಗಳ ವ್ಯತ್ಯಾಸ ತೆಗೆದು, ವರ್ಗ ಮಾಡಿ, 150 ಮಿಲಿಸೆಕೆಂಡಿನಷ್ಟು ಸರಾಸರಿ. ಕ್ಯೂಆರ್‌ಎಸ್ ಕಡಿದಾದ ಏರು, ಟಿ ಇಳಿಜಾರು. ವರ್ಗ ಮಾಡಿದಾಗ ಅವೆರಡರ ಅಂತರ ಎದ್ದು ಕಾಣುತ್ತದೆ. ಒಂದು ಮೊನೆ ಸಿಕ್ಕ ಮೇಲೆ 200 ಮಿಲಿಸೆಕೆಂಡ್ ಇನ್ನೊಂದನ್ನು ಒಪ್ಪಬಾರದು, ಹೃದಯ ಅಷ್ಟು ಬೇಗ ಮತ್ತೆ ಬಡಿಯದು.

ಮೊದಲ ದಾಖಲೆ ಎರಡು ನಿಮಿಷದ್ದಿರಲಿ, ಜೊತೆಗೇ ಮಣಿಕಟ್ಟಿನಲ್ಲಿ ಬಡಿತ ಎಣಿಸಿ. ಆಮೇಲೆ 5 ಸೆಕೆಂಡ್ ಉಸಿರು ಎಳೆದು 5 ಸೆಕೆಂಡ್ ಬಿಡುತ್ತ ಹೋಗಿ. ಆರೋಗ್ಯವಂತರಲ್ಲಿ, ಅದರಲ್ಲೂ ಹರೆಯದವರಲ್ಲಿ, ಎಳೆದಾಗ ಮೊನೆಗಳು ಹತ್ತಿರ ಬರುತ್ತವೆ, ಬಿಟ್ಟಾಗ ದೂರ ಸರಿಯುತ್ತವೆ. ಪ್ರೋಗ್ರಾಮಿನ ತಪ್ಪೆಂದು ತಿದ್ದಲು ಹೋಗಬೇಡಿ.

ಇದೇ ಎಲೆಕ್ಟ್ರೋಡುಗಳನ್ನು ಮುಂದೋಳಿಗೆ ಅಂಟಿಸಿ ಸ್ನಾಯು ಅಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಸ್ನಾಯುವಿನ ಸಿಗ್ನಲ್ 20ರಿಂದ 450 ಹರ್ಟ್ಸ್‌ವರೆಗೆ ಹರಡಿರುವುದರಿಂದ ಈ ಮಾಡ್ಯೂಲಿನ 40 ಹರ್ಟ್ಸ್ ಫಿಲ್ಟರ್ ಬಹುಪಾಲನ್ನು ತಿಂದುಹಾಕುತ್ತದೆ. ಅದಕ್ಕೆ ಬೇರೆ ಇಎಂಜಿ ಮಾಡ್ಯೂಲ್ ಬೇಕು, ಸ್ಯಾಂಪಲ್ ಸೆಕೆಂಡಿಗೆ 1000. ಎರಡು ಎಲೆಕ್ಟ್ರೋಡ್ ಸ್ನಾಯುವಿನ ಉದ್ದಕ್ಕೆ 2 ಸೆಂ.ಮೀ. ಅಂತರದಲ್ಲಿ, ಮೂರನೆಯದು ಮೊಣಕೈಯ ಎಲುಬಿನ ಮೇಲೆ.