ಲಾಕ್‌ಡೌನ್‌ನಲ್ಲಿ ಹಲ್ಲು ಕೈಕೊಟ್ಟರೆ: ನೋವಿಗೆ ಕಾಯಬಹುದು, ಊತಕ್ಕೆ ಕಾಯಬೇಡಿ

2021ರ ಮೇ 10ರಿಂದ ಕರ್ನಾಟಕದಲ್ಲಿ ಕೋವಿಡ್ ಲಾಕ್‌ಡೌನ್ ಬಿಗಿಯಾದ ಮೇಲೆ ನನ್ನ ಹಲ್ಲಿನ ಕ್ಲಿನಿಕ್‌ಗಿಂತ ನನ್ನ ಫೋನಿಗೇ ರಶ್ ಜಾಸ್ತಿಯಾಗಿತ್ತು. "ಮೇಡಂ, ರಾತ್ರಿಯಿಡೀ ನಿದ್ದೆ ಇಲ್ಲ, ಈಗಲೇ ಕಿತ್ತುಬಿಡಿ" ಅಂತ ಗೋಳಾಡುವವರಲ್ಲಿ ಬಹಳಷ್ಟು ಜನ ಸರಿಯಾಗಿ ಮಾತ್ರೆ ತಗೊಂಡು ಮೂರ್ನಾಲ್ಕು ದಿನ ದೂಡಬಹುದಾದವರು. ನಿಜವಾಗಿ ಓಡಿ ಬರಬೇಕಾದವರು ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲೇ ಕೂತಿರುತ್ತಾರೆ, ಯಾಕಂದ್ರೆ ಅವರಿಗೆ "ಈಗ ಅಷ್ಟೇನೂ ನೋವಿಲ್ಲ". ಇದನ್ನು ನೋಡಿ ನೋಡಿ ಸಾಕಾಗಿ ಬರೆದದ್ದು ಇದು.

1. ಕನ್ನಡಿ ಮುಂದೆ ನಿಲ್ಲಿ

ಕೈ ತೊಳೆದು, ಮೊಬೈಲ್ ಟಾರ್ಚ್ ಹಾಕಿ, ಚಮಚದ ಹಿಂಭಾಗದಿಂದ ಕೆನ್ನೆ ಸರಿಸಿ ನೋಡಿ. ಯಾವ ಹಲ್ಲು, ಒಸಡಿನ ಮೇಲೆ ಗುಳ್ಳೆ ಇದೆಯಾ, ಎರಡೂ ಕೆನ್ನೆ ಒಂದೇ ಸಮ ಇವೆಯಾ, ಅಷ್ಟು ಸಾಕು.

2. ಫೋನ್ ಮಾಡಿ

ಸೀದಾ ಬಂದು ಬಾಗಿಲು ಬಡಿಯಬೇಡಿ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮೇ ತಿಂಗಳಲ್ಲಿ ದಂತವೈದ್ಯರಿಗೆ ಕೊಟ್ಟ ಮಾರ್ಗಸೂಚಿಯಲ್ಲೂ ಮೊದಲು ಫೋನಿನಲ್ಲಿ ವಿಚಾರಿಸಿ ಅಂತಲೇ ಇದೆ. ಶುಗರ್, ಬಿಪಿ, ರಕ್ತ ತೆಳುವಾಗುವ ಮಾತ್ರೆ, ಬಸಿರು, ಅಲರ್ಜಿ, ಇತ್ತೀಚೆಗೆ ಕೋವಿಡ್ ಬಂದಿತ್ತಾ, ಇಷ್ಟನ್ನು ನಾವು ಕೇಳುವ ಮೊದಲೇ ಹೇಳಿ. ಎರಡು ಫೋಟೋ ಕಳಿಸಿ: ಎದುರಿನಿಂದ ಪೂರ್ತಿ ಮುಖದ್ದು ಒಂದು, ಬಾಯೊಳಗಿನದು ಒಂದು. ಬರೀ ನಾಲಿಗೆಯ ಮಸುಕು ಫೋಟೋ ಹನ್ನೆರಡು ಬಂದರೆ ನನಗೇನೂ ಗೊತ್ತಾಗಲ್ಲ.

3. ನೋವಿಗೆ ಮಾತ್ರೆ

ದೊಡ್ಡವರಿಗೆ ಪ್ಯಾರಾಸಿಟಮಾಲ್ 650, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಬೇಡ. ಲಿವರ್ ತೊಂದರೆ ಇರುವವರು ಕೇಳಿಯೇ ತಗೊಳ್ಳಿ. ಹಲ್ಲುನೋವಿಗೆ ಐಬುಪ್ರೊಫೆನ್ ಇನ್ನೂ ಚೆನ್ನಾಗಿ ಹಿಡಿಯುತ್ತೆ, ಆದರೆ ಊಟದ ಮೇಲೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರು, ಬಸುರಿಯರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಕೇಳದೆ ಮುಟ್ಟಬೇಡಿ. ಕಾಂಬಿಫ್ಲಾಮ್‌ನಲ್ಲಿ ಈ ಎರಡೂ ಸೇರಿಯೇ ಇರುತ್ತವೆ. ಅದನ್ನು ನುಂಗಿ ಮೇಲೊಂದು ಡೋಲೋನೂ (ಅದೂ ಪ್ಯಾರಾಸಿಟಮಾಲೇ) ನುಂಗಿ, "ಎರಡೂ ಬೇರೆ ಬೇರೆ ಅಲ್ವಾ ಮೇಡಂ" ಅನ್ನುವವರು ವಾರಕ್ಕೆ ಇಬ್ಬರಾದರೂ ಸಿಗುತ್ತಾರೆ.

ಮಾತ್ರೆ ಇರುವುದು ನುಂಗೋಕೆ. ಪುಡಿ ಮಾಡಿ ಹಲ್ಲಿನ ಪಕ್ಕ ಇಟ್ಟುಕೊಂಡರೆ ಒಸಡು ಸುಟ್ಟು ಬೆಳ್ಳಗಾಗುತ್ತೆ. ಲವಂಗದೆಣ್ಣೆಯೂ ಹಾಗೇ, ಹತ್ತಿಗೆ ಒಂದೇ ಹನಿ, ಅದೂ ತೂತಿನೊಳಗೆ ಮಾತ್ರ. ನನ್ನನ್ನು ಕೇಳಿದರೆ ಅದೂ ಬೇಡ, ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ. ಹೊಗೆಸೊಪ್ಪು, ಬ್ರಾಂದಿ ಹತ್ತಿ ಇವುಗಳ ಸುದ್ದಿಗೇ ಹೋಗಬೇಡಿ. ಕ್ಯಾಪ್ ಬಿದ್ದುಹೋದರೆ ಡಬ್ಬಿಯಲ್ಲಿ ಎತ್ತಿಡಿ, ಫೆವಿಕ್ವಿಕ್ ಹಾಕಿ ಅಂಟಿಸಿಕೊಳ್ಳಬೇಡಿ (ಹೌದು, ಅಂಟಿಸಿಕೊಂಡು ಬಂದಿದ್ದಾರೆ).

ಇನ್ನು ಮೆಡಿಕಲ್ ಶಾಪಿನಲ್ಲಿ ಪುಟ್ಟ ಕವರಿಗೆ ಹಾಕಿ ಕೊಡುವ ಬಿಡಿ ಮಾತ್ರೆಗಳು. ಅದರಲ್ಲೊಂದು ಆ್ಯಂಟಿಬಯಾಟಿಕ್ ಇದ್ದೇ ಇರುತ್ತೆ. ತಣ್ಣೀರು ಕುಡಿದರೆ ಜುಂ ಅನ್ನುವ ನೋವು ಹಲ್ಲಿನೊಳಗಿನ ನರದ್ದು, ಅದಕ್ಕೆ ಆ್ಯಂಟಿಬಯಾಟಿಕ್‌ನಿಂದ ಏನೂ ಆಗಲ್ಲ. ಸುಮ್ನೆ ದುಡ್ಡು ದಂಡ, ಹೊಟ್ಟೆಯೂ ಕೆಡುತ್ತೆ.

4. ಊತ ಇದ್ದರೆ

ಎಲ್ಲರೂ ಎಡವುವುದು ಇಲ್ಲೇ. ಹುಳುಕು ಹಲ್ಲಿನ ಬೇರಿನ ತುದಿಯಲ್ಲಿ ಕೀವು ಕೂಡಿದಾಗ ಮೂಳೆಯೊಳಗೆ ಅದಕ್ಕೆ ಜಾಗ ಇರಲ್ಲ, ಅದಕ್ಕೇ ಆ ಪರಿ ನೋವು. ಒಂದು ದಿನ ಕೀವು ಮೂಳೆ ಕೊರೆದುಕೊಂಡು ಹೊರಗೆ ನುಗ್ಗುತ್ತೆ. ಒತ್ತಡ ಇಳಿದು ನೋವು ತಟ್ಟನೆ ಕಡಿಮೆಯಾಗುತ್ತೆ, ಕೆನ್ನೆ ಊದುತ್ತೆ. ಮನೆಯವರು "ಸದ್ಯ, ನೋವು ಹೋಯ್ತಲ್ಲ" ಅಂತ ನೆಮ್ಮದಿಯಾಗುವ ಹೊತ್ತಿಗೆ ನನಗೆ ಭಯ ಶುರುವಾಗುತ್ತೆ.

ಆ ಲಾಕ್‌ಡೌನ್‌ನಲ್ಲೇ ಒಬ್ಬ ಹುಡುಗನನ್ನು ಕರೆತಂದರು. ಮೂರು ರಾತ್ರಿ ಅವನ ಅಜ್ಜಿ ಕಾವಲಿಯಲ್ಲಿ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕೆನ್ನೆಗೆ ಶಾಖ ಕೊಟ್ಟಿದ್ದರು. ಚರ್ಮ ಕೆಂಪಗಾಗಿ ಎಣ್ಣೆ ಹಚ್ಚಿದಂತೆ ಮಿಂಚುತ್ತಿತ್ತು. ಬಾಯಿ ತೆಗಿ ಕಂದಾ ಅಂದರೆ ನನ್ನ ಕಿರುಬೆರಳೂ ಒಳಗೆ ಹೋಗಲಿಲ್ಲ. ಬಾಯೇ ತೆರೆಯದಿದ್ದರೆ ಹಲ್ಲು ಕೀಳುವುದು ಎಲ್ಲಿಂದ? ಜಿಲ್ಲಾಸ್ಪತ್ರೆಗೆ ಕಳಿಸಿದೆ, ಅಲ್ಲಿ ಹೊರಗಿನಿಂದಲೇ ಕೊಯ್ದು ಕೀವು ತೆಗೆದರು. ಶಾಖ ಕೊಟ್ಟರೆ ರಕ್ತ ಓಡಾಟ ಜಾಸ್ತಿಯಾಗಿ ಊತ ಇನ್ನೂ ಏರುತ್ತೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿನಿಂದ ಹತ್ತು ನಿಮಿಷ ಇಡಿ, ಹತ್ತು ನಿಮಿಷ ಬಿಡಿ. ಇದರಿಂದ ಕೀವು ಹೋಗಲ್ಲ, ನನ್ನ ಹತ್ತಿರ ಬರುವ ತನಕ ಸ್ವಲ್ಪ ಆರಾಮ ಸಿಗುತ್ತೆ ಅಷ್ಟೇ.

ಊತ ಕಂಡ ಕೂಡಲೇ ಒಂದು ಬಾಲ್‌ಪೆನ್ ತಗೊಂಡು ಅದರ ಅಂಚಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಿರಿ. ನಾಚಿಕೆ ಬೇಡ. ಎರಡು ಗಂಟೆ ಬಿಟ್ಟು ನೋಡಿದಾಗ ಊತ ಗೆರೆ ದಾಟಿದೆಯಾ? ಆಮೇಲೆ ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು, ನಿಲುವಾಗಿ ಬಾಯೊಳಗೆ ಹಾಕಿ ನೋಡಿ. ಮೊನ್ನೆ ತನಕ ಹೋಗುತ್ತಿದ್ದದ್ದು ಇವತ್ತು ಒಂದೇ ಹೋಗುತ್ತಾ? ಗದ್ದದ ಕೆಳಗೆ ಒತ್ತಿ, ಮೆತ್ತಗಿರಬೇಕಾದದ್ದು ಹಲಗೆಯಂತೆ ಗಟ್ಟಿ ಇದೆಯಾ? ಜ್ವರ ಇದೆಯಾ, ಕಣ್ಣು ಮುಚ್ಚುವಷ್ಟು ಊದಿದೆಯಾ? ಇದರಲ್ಲಿ ಒಂದಕ್ಕೆ ಹೌದು ಅನ್ನಿಸಿದರೂ ಅವತ್ತೇ ಹೊರಡಿ. ಎಂಜಲು ನುಂಗೋಕಾಗದೆ ಸುರಿಯುತ್ತಿದ್ದರೆ, ನಾಲಿಗೆ ಮೇಲೆದ್ದಿದ್ದರೆ, ಉಸಿರು ಕಟ್ಟಿದಂತಾದರೆ ನನಗೆ ಫೋನ್ ಬೇಡ, 108ಕ್ಕೆ ಮಾಡಿ. ಮಲಗಿಸಬೇಡಿ, ಕೂರಿಸಿಯೇ ಕರೆದೊಯ್ಯಿರಿ. ಶುಗರ್ ಇರುವವರಿಗೆ ಇದು ಕೆಲವೇ ಗಂಟೆಗಳಲ್ಲಿ ಕೈಮೀರಬಹುದು.

ಆ ಸಲ ಇನ್ನೊಂದು ಸೇರಿತ್ತು. ಕೋವಿಡ್‌ನಿಂದ ಈಗಷ್ಟೇ ಎದ್ದವರು, ಅದರಲ್ಲೂ ಸ್ಟೀರಾಯ್ಡ್ ತಗೊಂಡ ಶುಗರ್‌ನವರು, ಮೇಲಿನ ದವಡೆಯಲ್ಲಿ ಇದ್ದಕ್ಕಿದ್ದಂತೆ ನಾಲ್ಕೈದು ಹಲ್ಲು ಅಲ್ಲಾಡಿದರೆ, ಮುಖದ ಒಂದು ಬದಿ ಜೋಮು ಹಿಡಿದರೆ, ಬಾಯೊಳಗಿನ ಅಂಗುಳ ಕಪ್ಪಾದರೆ ಅದು ಹಲ್ಲಿನ ಸಮಸ್ಯೆ ಅಂದುಕೊಂಡು ಕಾಯಬೇಡಿ. ಬ್ಲ್ಯಾಕ್ ಫಂಗಸ್ (ಅಪಾಯಕಾರಿ ಶಿಲೀಂಧ್ರ ಸೋಂಕು) ಇರಬಹುದು. ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ.

5. ಮಕ್ಕಳು ಬಿದ್ದು ಹಲ್ಲು ಉದುರಿದರೆ

ಲಾಕ್‌ಡೌನ್‌ನ ಟೆರೇಸ್ ಕ್ರಿಕೆಟ್ ಕೃಪೆಯಿಂದ ಇದೂ ಜಾಸ್ತಿಯಾಗಿತ್ತು. ಹಾಲುಹಲ್ಲಾದರೆ ವಾಪಸ್ ಕೂರಿಸಬೇಡಿ. ಶಾಶ್ವತ ಹಲ್ಲಾದರೆ ಬೇರು ಮುಟ್ಟದೆ ಹಲ್ಲಿನ ಬಿಳಿ ಭಾಗ ಹಿಡಿದು ಎತ್ತಿ, ಉಜ್ಜದೆ ಹತ್ತು ಸೆಕೆಂಡ್ ನೀರು ಬಿಟ್ಟು, ಸಾಧ್ಯವಾದರೆ ಅದೇ ಗೂಡಿಗೆ ಕೂರಿಸಿ ಬಟ್ಟೆ ಕಚ್ಚಿಸಿ. ಆಗದಿದ್ದರೆ ತಣ್ಣನೆಯ ಹಾಲಿಗೆ ಹಾಕಿ, ಒಂದು ಗಂಟೆಯೊಳಗೆ ತನ್ನಿ. ಟಿಶ್ಯೂ ಪೇಪರಿನಲ್ಲಿ ಸುತ್ತಿ ತಂದ ಹಲ್ಲು ಒಣಗಿಹೋಗಿರುತ್ತೆ.

6. ಕ್ಲಿನಿಕ್‌ಗೆ ಬರುವಾಗ

ಹಲ್ಲು ಕೊರೆಯುವ ಏರೋಟರ್ ನೀರನ್ನು ಹನಿಹನಿಯಾಗಿ ಗಾಳಿಗೆ ಎರಚುತ್ತೆ, ಅದರ ಜೊತೆ ನಿಮ್ಮ ಎಂಜಲೂ ಹಾರುತ್ತೆ. ಹಾಗಾಗಿ ಆ ಲಾಕ್‌ಡೌನ್‌ನಲ್ಲಿ ಕೀವು ತೆಗೆಯುವುದು, ಹಲ್ಲು ಕೀಳುವುದು, ರಕ್ತ ನಿಲ್ಲಿಸುವುದು ಇಷ್ಟೇ ಮಾಡುತ್ತಿದ್ದೆ. "ಬಂದಿದ್ದೀನಿ, ಕ್ಲೀನಿಂಗೂ ಮಾಡಿಬಿಡಿ" ಅನ್ನುವಂತಿರಲಿಲ್ಲ. ಕೋವಿಡ್ ಇದ್ದರೆ ಮುಚ್ಚಿಡದೆ ಹೇಳಿ, ಬೇರೆ ವ್ಯವಸ್ಥೆ ಮಾಡುತ್ತೇವೆ. ಜೊತೆಗೆ ಒಬ್ಬರು ಸಾಕು. ಆಗ ಪೊಲೀಸರು ತಡೆದರೆ ತೋರಿಸಲು ನಾವು ವಾಟ್ಸ್‌ಆ್ಯಪ್‌ನಲ್ಲಿ ಚೀಟಿ ಕಳಿಸುತ್ತಿದ್ದೆವು. ಹಲ್ಲು ಕೀಳಿಸಿಕೊಳ್ಳೋಕೆ ಬರುತ್ತಿದ್ದರೆ ಏನಾದರೂ ತಿಂದು ಬನ್ನಿ, ಗಂಜಿಯಾದರೂ ಸರಿ. ಖಾಲಿ ಹೊಟ್ಟೆಯಲ್ಲಿ ಬಂದು ಇಂಜೆಕ್ಷನ್ ಕಂಡು ತಲೆಸುತ್ತಿ ಬೀಳುವವರನ್ನು ಹಿಡಿಯೋಕೆ ಆಗ ನನ್ನ ಹತ್ತಿರ ಅಸಿಸ್ಟೆಂಟ್ ಇರಲಿಲ್ಲ, ಅವಳ ಊರಿಂದ ಬಸ್ಸಿರಲಿಲ್ಲ.